ಮಂಗನ ಕಾಯಿಲೆ: ಜೀವಕೋಶದ ಎಚ್ಚರಿಕೆಯನ್ನು ವೈರಸ್ ಅಡಗಿಸುವ ಬಗೆ

ದಾಸನಕೊಪ್ಪ (ಶಿರಸಿ): ಬೇಸಿಗೆ ಸಮೀಪಿಸುತ್ತಿದ್ದಂತೆ ಶಿರಸಿ, ಸಿದ್ದಾಪುರ ಸೀಮೆಯ ಕಾಡಂಚಿನ ಊರುಗಳಲ್ಲಿ ಮಂಗ ಸತ್ತ ಸುದ್ದಿಯೊಂದೇ ಜನರನ್ನು ಕಂಗೆಡಿಸಲು ಸಾಕು. ಸೊಪ್ಪಿನ ಬೆಟ್ಟಕ್ಕೆ ಹೋಗುವವರು, ತರಗೆಲೆ ಗುಡಿಸುವವರು ಉಣುಗಿನ ಕಡಿತಕ್ಕೆ ಅಂಜುತ್ತಾರೆ. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಮಂಗನ ಕಾಯಿಲೆ ಉಲ್ಬಣಿಸಿ ಸಾವುಗಳೂ ಸಂಭವಿಸಿದ್ದವು. ಕಾಯಿಲೆ ಪತ್ತೆಯಾಗಿ ಆರು ದಶಕಗಳು ಕಳೆದರೂ ಅದಕ್ಕೆಂದೇ ಮೀಸಲಾದ ಔಷಧ ಇಲ್ಲ. ಏಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ನಮ್ಮ ಜೀವಕೋಶದೊಳಗೇ ಇದೆ.

ಒಂದೇ ವರ್ಷ, ಎರಡು ಶೋಧ

ಶಿರಸಿ, ಸಿದ್ದಾಪುರಗಳ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಜನರಿಗೂ ತೀವ್ರ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಹೊಸ ವೈರಸ್ಸೊಂದನ್ನು ಗುರುತಿಸಿದರು. ಉಣುಗುಗಳಿಂದ ಹರಡುವ ಈ ವೈರಸ್, ಡೆಂಗಿ ವೈರಸ್ ಇರುವ ಫ್ಲೇವಿವೈರಸ್ ಕುಲಕ್ಕೇ ಸೇರಿದ್ದು.

ಅದೇ 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡನ್‌ಮನ್ ಎಂಬ ವಿಜ್ಞಾನಿಗಳು ಇಂಟರ್‌ಫೆರಾನ್ ಎಂಬ ವಸ್ತುವನ್ನು ಕಂಡುಹಿಡಿದರು. ವೈರಸ್ ಹೊಕ್ಕ ಜೀವಕೋಶ ಹೊರಸೂಸುವ ಎಚ್ಚರಿಕೆಯ ಪ್ರೋಟೀನ್ ಇದು. ತೋಟಕ್ಕೆ ಮಂಗಗಳ ಹಿಂಡು ನುಗ್ಗಿದಾಗ ಒಂದು ಮನೆಯವರು ಕೂಗಿ ಮುಂದಿನ ಮನೆಯವರನ್ನು ಎಚ್ಚರಿಸುವಂತೆ, ಸೋಂಕಿತ ಕೋಶವು ನೆರೆಯ ಕೋಶಗಳಿಗೆ ಇದರ ಮೂಲಕ ಅಪಾಯವನ್ನು ತಿಳಿಸುತ್ತದೆ.

ಸಂದೇಶ ಸಾಗುವ ದಾರಿ

ಕೂಗು ಕೇಳಿದರಷ್ಟೇ ಸಾಲದು; ಅದು ಕೋಶದ ಹೊರಮೈಯಿಂದ ಒಳಗಿನ ಕೋಶಕೇಂದ್ರದವರೆಗೆ ತಲುಪಬೇಕು. ಈ ಕೆಲಸ ನಡೆಯುವುದು ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದರಿಂದ. ಇಂಟರ್‌ಫೆರಾನ್ ಮೊದಲು ಕೋಶದ ಹೊರಮೈಯಲ್ಲಿರುವ ಗ್ರಾಹಕ ಪ್ರೋಟೀನ್‌ಗೆ ಅಂಟುತ್ತದೆ. ಗ್ರಾಹಕದ ಒಳತುದಿಯಲ್ಲಿ ಕಾದಿರುವ ‘ಜಾಕ್’ ಗುಂಪಿನ ಪ್ರೋಟೀನ್‌ಗಳು ಆಗ ಚುರುಕಾಗುತ್ತವೆ. ಅವು ‘ಸ್ಟ್ಯಾಟ್-1’ ಮತ್ತು ‘ಸ್ಟ್ಯಾಟ್-2’ ಎಂಬ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಕಣವನ್ನು ಜೋಡಿಸುತ್ತವೆ. ಈ ಗುರುತು ಬಿದ್ದ ಬಳಿಕ ಅವೆರಡೂ ಜೊತೆಗೂಡಿ, ಮತ್ತೊಂದು ಪ್ರೋಟೀನನ್ನು ಸೇರಿಸಿಕೊಂಡು ಕೋಶಕೇಂದ್ರವನ್ನು ಪ್ರವೇಶಿಸುತ್ತವೆ. ಅಲ್ಲಿ ವೈರಸ್ ವಿರುದ್ಧ ಹೋರಾಡುವ ನೂರಾರು ವಂಶವಾಹಿಗಳು ಎಚ್ಚರಗೊಳ್ಳುತ್ತವೆ.

ಈ ಸಂದೇಶ ನಿಲ್ಲದೆ ಸಾಗಿದರೂ ಅಪಾಯವೇ. ಉರಿಯೂತ ಮಿತಿಮೀರಿದರೆ ದೇಹಕ್ಕೇ ಹಾನಿ. ಆದ್ದರಿಂದ ‘ಸಾಕ್ಸ್-1’ ಎಂಬ ನಿಯಂತ್ರಕ ಪ್ರೋಟೀನ್ ಜಾಕ್‌ಗೆ ಅಂಟಿಕೊಂಡು ಸಂದೇಶವನ್ನು ತಗ್ಗಿಸುತ್ತದೆ. ಯಾವ ಪ್ರೋಟೀನ್ ಯಾವುದಕ್ಕೆ, ಯಾವಾಗ ಅಂಟುತ್ತದೆ ಎಂಬುದರ ಮೇಲೆಯೇ ಆರೋಗ್ಯದ ಸಮತೋಲನ ನಿಂತಿದೆ.

ನಡುವೆ ನುಸುಳುವ ವೈರಸ್

ವೈರಸ್ ದಾಳಿ ಮಾಡುವುದು ಈ ದಾರಿಯ ಮೇಲೆ. ಮಂಗನ ಕಾಯಿಲೆಯ ವೈರಸ್ ತಯಾರಿಸುವುದು ಕೇವಲ 10 ಪ್ರೋಟೀನ್‌ಗಳನ್ನು. ಅವುಗಳಲ್ಲಿ ದೊಡ್ಡದಾದ ‘ಎನ್‌ಎಸ್-5’ ವೈರಸ್ಸಿನ ವಂಶವಸ್ತುವನ್ನು ನಕಲು ಮಾಡುತ್ತದೆ. ಜೊತೆಗೆ ಅದು ಇಂಟರ್‌ಫೆರಾನ್ ಸಂದೇಶಕ್ಕೂ ತಡೆಯೊಡ್ಡುತ್ತದೆ ಎಂಬುದನ್ನು 2012ರಲ್ಲಿ ಪ್ರಕಟವಾದ ಪ್ರಯೋಗಾಲಯ ಅಧ್ಯಯನವೊಂದು ತೋರಿಸಿತು. ಚಿಕಿತ್ಸೆಯಲ್ಲಿ ಬಳಸುವ ಆಲ್ಫಾ-2 ಬಗೆಯ ಇಂಟರ್‌ಫೆರಾನ್ ನೀಡಿದರೂ ಕೋಶಗಳಲ್ಲಿ ಈ ವೈರಸ್ ಹೆಚ್ಚೇನೂ ಕುಗ್ಗಲಿಲ್ಲ.

ಇದರ ಬಂಧುಬಳಗದ ವೈರಸ್‌ಗಳಲ್ಲಿ ತಂತ್ರ ಇನ್ನಷ್ಟು ವಿವರವಾಗಿ ಬಯಲಾಗಿದೆ. ಡೆಂಗಿ ವೈರಸ್ಸಿನ ಎನ್‌ಎಸ್-5, ಸ್ಟ್ಯಾಟ್-2ಕ್ಕೆ ಅಂಟಿಕೊಂಡು ಅದನ್ನು ಕೋಶದ ಕಸವಿಲೇವಾರಿ ವ್ಯವಸ್ಥೆಯಿಂದಲೇ ನಾಶ ಮಾಡಿಸುತ್ತದೆ. ಉಣುಗಿನಿಂದ ಹರಡುವ ಲಂಗಾಟ್ ವೈರಸ್ಸಿನದು ಬೇರೆ ದಾರಿ. ಇಂಟರ್‌ಫೆರಾನ್ ಗ್ರಾಹಕ ಸಿದ್ಧಗೊಳ್ಳಲು ಪ್ರೊಲಿಡೇಸ್ ಎಂಬ ಪ್ರೋಟೀನ್ ಬೇಕು. ಲಂಗಾಟ್‌ನ ಎನ್‌ಎಸ್-5 ಇದಕ್ಕೇ ಅಂಟಿಕೊಳ್ಳುವುದರಿಂದ ಗ್ರಾಹಕವು ಕೋಶದ ಹೊರಮೈಯನ್ನು ಸರಿಯಾಗಿ ತಲುಪುವುದಿಲ್ಲ. ಮೊದಲನೆಯದರಲ್ಲಿ ಸುದ್ದಿ ಒಯ್ಯುವವನೇ ಇಲ್ಲವಾದರೆ, ಎರಡನೆಯದರಲ್ಲಿ ಸುದ್ದಿ ಕೇಳುವ ಕಿವಿಯೇ ಇಲ್ಲವಾಗುತ್ತದೆ.

ಜೀವಕೋಶವೂ ಸುಮ್ಮನಿರುವುದಿಲ್ಲ. ‘ಟ್ರಿಮ್-5 ಆಲ್ಫಾ’ ಎಂಬ ಪ್ರೋಟೀನ್ ಮನುಷ್ಯರಲ್ಲೂ ರೀಸಸ್ ಮಂಗಗಳಲ್ಲೂ ಇದೆ. ಮಂಗನ ಕಾಯಿಲೆಯ ವೈರಸ್ ಸೇರಿರುವ, ಉಣುಗಿನಿಂದ ಹರಡುವ ಮಿದುಳುಜ್ವರ ಗುಂಪಿನ ಹಲವು ವೈರಸ್‌ಗಳ ಒಂದು ಪ್ರೋಟೀನ್‌ಗೆ ಇದು ಅಂಟಿಕೊಂಡು, ಅದನ್ನು ನಾಶಕ್ಕೆ ಗುರಿಪಡಿಸುತ್ತದೆ ಎಂದು 2019ರ ಅಧ್ಯಯನವೊಂದು ತಿಳಿಸಿತು. ಡೆಂಗಿಯ ಮೇಲೆ ಇದರ ಆಟ ನಡೆಯುವುದಿಲ್ಲ.

ಔಷಧದ ದಾರಿ, ಲಸಿಕೆಯ ಕಾಯುವಿಕೆ

ಎರಡು ಪ್ರೋಟೀನ್‌ಗಳ ಅಂಟಿಕೆಯನ್ನು ಬಿಡಿಸಬಲ್ಲ ಸಣ್ಣ ಅಣು ದೊರೆತರೆ ಅದೇ ಔಷಧವಾಗಬಹುದು ಎಂಬುದು ಇಂಥ ಸಂಶೋಧನೆಗಳ ಹಿಂದಿನ ಆಶಯ. ಆದರೆ ಪ್ರೋಟೀನ್‌ಗಳು ಪರಸ್ಪರ ತಾಗುವ ಜಾಗ ಸಾಮಾನ್ಯವಾಗಿ ಅಗಲವಾಗಿಯೂ ಸಪಾಟಾಗಿಯೂ ಇರುವುದರಿಂದ ಸಣ್ಣ ಅಣುವಿಗೆ ಅಲ್ಲಿ ಹಿಡಿತ ಸಿಗುವುದು ಕಷ್ಟ. ಸದ್ಯ ರೋಗಿಗೆ ದೊರೆಯುವುದು ದ್ರವಾಂಶ ಕಾಯ್ದುಕೊಳ್ಳುವ, ರಕ್ತಸ್ರಾವದ ಮೇಲೆ ನಿಗಾ ಇಡುವ ಪೂರಕ ಚಿಕಿತ್ಸೆ ಮಾತ್ರ.

ಲಸಿಕೆಯ ಮಹತ್ವ ಇಲ್ಲಿ ಅರಿವಾಗುತ್ತದೆ. ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು ವೈರಸ್ಸನ್ನು ಕೋಶದ ಹೊರಗೇ ತಡೆಯಬಲ್ಲವು. ಒಳಗಿನ ಕಾದಾಟದ ಪ್ರಮೇಯವೇ ಬಾರದು. ಆದರೆ ಹಳೆಯ ಲಸಿಕೆಯ ಸಾಮರ್ಥ್ಯ ಕುಂದಿದ ಕಾರಣ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯೊಂದಿಗೆ ಕೈಜೋಡಿಸಿದೆ.

ಅಲ್ಲಿಯವರೆಗೆ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ದೊಡ್ಡ ರಕ್ಷಣೆ. ಕಾಡಿಗೆ ಹೋಗುವ ಮುನ್ನ ಉಣುಗು ನಿರೋಧಕ ತೈಲ ಹಚ್ಚಿಕೊಳ್ಳಬೇಕು, ಮೈತುಂಬ ಬಟ್ಟೆ ಧರಿಸಬೇಕು. ಮರಳಿದ ಬಳಿಕ ಬಿಸಿನೀರಿನ ಸ್ನಾನ ಮಾಡಬೇಕು. ಮಂಗ ಸತ್ತಿರುವುದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿಗೆ ಹೋಗಿ ಬಂದ ವಾರದೊಳಗೆ ಜ್ವರ, ತೀವ್ರ ತಲೆನೋವು, ಮೈಕೈ ನೋವು ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗುವುದು ಒಳಿತು. ಜೀವಕೋಶದೊಳಗಿನ ಕೂಗನ್ನು ವೈರಸ್ ಅಡಗಿಸಬಲ್ಲದು. ಊರಿನವರು ಕೊಡುವ ಮುನ್ಸೂಚನೆಯನ್ನು ಅದು ಅಡಗಿಸಲಾರದು.