ಓದುಗರ ಹಕ್ಕೊತ್ತಾಯ ಬೆಳೆದ ಬಗೆ

ಲೇಖಕರು ತಮಗೆ ಉತ್ತರ ಹೇಳಬೇಕೆಂಬ ಓದುಗರ ನಿರೀಕ್ಷೆ ಅಂತರ್ಜಾಲಕ್ಕಿಂತ ಬಹಳ ಹಳೆಯದು. ಕಾದಂಬರಿಗಳು ಕಂತುಗಳಲ್ಲಿ ಪ್ರಕಟವಾಗತೊಡಗಿ, ಕಥೆ ಬರೆದು ಮುಗಿಯುವ ಮೊದಲೇ ಅದರ ಆರಂಭ ಓದುಗರ ಕೈಸೇರುವಂತಾದಾಗಲೇ ಅದು ಹುಟ್ಟಿತು. ಚಾರ್ಲ್ಸ್ ಡಿಕನ್ಸ್ 1840–41ರಲ್ಲಿ ‘ದಿ ಓಲ್ಡ್ ಕ್ಯೂರಿಯಾಸಿಟಿ ಶಾಪ್’ ಕಾದಂಬರಿಯನ್ನು ವಾರವಾರವೂ ಪ್ರಕಟಿಸುತ್ತಿದ್ದಾಗ, ಅದರ ಬಾಲಕಿ ನೆಲ್‌ಳನ್ನು ಉಳಿಸಿರೆಂದು ಬೇಡುವ ಪತ್ರಗಳು ಅವರಿಗೆ ಬಂದವು. ಆದರೆ ಅಂಚೆಯ ಪತ್ರ ಇಬ್ಬರ ನಡುವಿನ ಮಾತು. ಒಬ್ಬ ಓದುಗನ ಅಳಲು ಇನ್ನೊಬ್ಬನಿಗೆ ಕಾಣುತ್ತಿರಲಿಲ್ಲ, ಉತ್ತರ ಬಾರದಿದ್ದರೆ ಅದನ್ನು ಯಾರೂ ಎಣಿಸುತ್ತಿರಲಿಲ್ಲ.

1990ರ ದಶಕದಲ್ಲಿ ಯೂಸ್‌ನೆಟ್, ಅಂದರೆ ಒಬ್ಬರು ಬರೆದದ್ದನ್ನು ಎಲ್ಲರೂ ಓದಿ ಉತ್ತರಿಸಬಹುದಾಗಿದ್ದ ಗಣಕಜಾಲದ ಚರ್ಚಾಗುಂಪುಗಳು, ಈ ಸ್ಥಿತಿಯನ್ನು ಬದಲಿಸಿತು. ಅಲ್ಲಿ ಟೆರಿ ಪ್ರಾಚೆಟ್‌ರಂಥ ಜನಪ್ರಿಯ ಲೇಖಕರೇ ತಮ್ಮ ಓದುಗರೊಡನೆ ಮಾತಿಗಿಳಿದರು. ಔದಾರ್ಯದಿಂದ ಆರಂಭವಾದ ಈ ಒಡನಾಟ, ಅದನ್ನು ಕಂಡವರ ಮನಸ್ಸಿನಲ್ಲಿ ಬಹುಬೇಗ ವಾಡಿಕೆಯಾಗಿ, ವಾಡಿಕೆಯಿಂದ ಹಕ್ಕಾಗಿ ಬೆಳೆಯಿತು.

ಇದರ ತೀವ್ರರೂಪ ಅಮೆರಿಕದ ಜಾರ್ಜ್ ಆರ್. ಆರ್. ಮಾರ್ಟಿನ್‌ರ ವಿಷಯದಲ್ಲಿ ಕಾಣಿಸಿತು. 2005ರಲ್ಲಿ ಪ್ರಕಟವಾದ ತಮ್ಮ ಕಾದಂಬರಿಮಾಲೆಯ ನಾಲ್ಕನೆಯ ಸಂಪುಟದ ಕೊನೆಯಲ್ಲಿ, ಮುಂದಿನದು ಮರುವರ್ಷವೇ ಬರಬಹುದೆಂಬ ಆಶಯವನ್ನು ಅವರೇ ಅಚ್ಚಿಸಿದ್ದರು. ಅದು ಬಂದದ್ದು 2011ರಲ್ಲಿ. ಆ ನಡುವಣ ವರ್ಷಗಳಲ್ಲಿ ಅವರು ಅಂತರ್ಜಾಲದ ತಮ್ಮ ದಿನಚರಿಯಲ್ಲಿ ಫುಟ್‌ಬಾಲ್ ಪಂದ್ಯದ ಬಗೆಗೋ ಪ್ರವಾಸದ ಬಗೆಗೋ ಬರೆದಾಗಲೆಲ್ಲ, ಆ ಹೊತ್ತನ್ನು ಕಾದಂಬರಿಗೆ ಕೊಡಬಾರದಿತ್ತೇ ಎಂದು ಕೆಲವರು ಲೆಕ್ಕ ಕೇಳತೊಡಗಿದರು. 2009ರಲ್ಲಿ ಈ ಬಗೆಗೆ ಓದುಗನೊಬ್ಬ ಕೇಳಿದ ಪ್ರಶ್ನೆಗೆ ಉತ್ತರಿಸಿದ ಲೇಖಕ ನೀಲ್ ಗೇಮನ್, ಮಾಲೆಯ ಒಂದು ಪುಸ್ತಕ ಕೊಂಡವನೊಡನೆ ಲೇಖಕ ಯಾವ ಕರಾರನ್ನೂ ಮಾಡಿಕೊಂಡಿರುವುದಿಲ್ಲವೆಂದು ಖಂಡಿತವಾಗಿ ಬರೆದರು. ವಾದ ಸರಿಯಾದದ್ದೇ; ಆದರೂ ಅಚ್ಚಾದ ಆಶಯವನ್ನು ನಂಬಿ ವರ್ಷಗಟ್ಟಲೆ ಕಾದವರ ಬೇಸರವನ್ನು ಬರಿಯ ದುರಾಸೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ಕಥೆಯ ಮೇಲಿನ ಪ್ರೀತಿಯೇ ಆ ಬೇಸರದ ಮೂಲ.

2007ರಲ್ಲಿ ಆರಂಭವಾದ ಗುಡ್‌ರೀಡ್ಸ್ ತಾಣದಲ್ಲಿ ಓದುಗರ ವಿಮರ್ಶೆಯೂ ಲೇಖಕರ ಪುಟವೂ ಒಂದೇ ಕಡೆ ಸೇರಿದವು. ಹೊಸ ಲೇಖಕರು ಜಾಲತಾಣಗಳಲ್ಲಿ ಸದಾ ಕಾಣಿಸಿಕೊಳ್ಳಬೇಕೆಂದು ಪ್ರಕಾಶಕರೂ ಬಯಸತೊಡಗಿದರು. ಓದುಗರ ಅತಿನಿರೀಕ್ಷೆಯನ್ನು ದೂರುವವರು ಈ ಕೊನೆಯ ಸಂಗತಿಯನ್ನು ಮರೆಯುತ್ತಾರೆ: ಲೇಖಕರ ಸಾಮೀಪ್ಯವನ್ನು ಪುಸ್ತಕದ ಪ್ರಚಾರಕ್ಕೆ ಬಳಸಿಕೊಂಡ ಪ್ರಕಾಶನೋದ್ಯಮವೂ ಆ ನಿರೀಕ್ಷೆಯ ಹೊಣೆಯಲ್ಲಿ ಪಾಲುದಾರ.