ನಿಮಗಿದು ಗೊತ್ತೇ? ಅಗ್ನಿಶಾಮಕ ಠಾಣೆಯ ನೀರಿನ ಲೆಕ್ಕ

● ಏಪ್ರಿಲ್ 14 ರಾಷ್ಟ್ರೀಯ ಅಗ್ನಿಶಾಮಕ ಸೇವಾ ದಿನ. 1944ರಲ್ಲಿ ಅದೇ ದಿನ ಮುಂಬೈಯ ವಿಕ್ಟೋರಿಯಾ ಡಾಕ್‌ನಲ್ಲಿ ‘ಫೋರ್ಟ್ ಸ್ಟಿಕೀನ್’ ಹಡಗಿಗೆ ಬೆಂಕಿ ಬಿತ್ತು. ಒಡಲಲ್ಲಿ ಹತ್ತಿಯ ಮೂಟೆಗಳು, ಜೊತೆಗೆ ಸುಮಾರು 1,400 ಟನ್ ಸ್ಫೋಟಕ. 900 ಟನ್‌ಗಿಂತ ಹೆಚ್ಚು ನೀರು ಸುರಿದರೂ ಬೆಂಕಿ ಆರಲಿಲ್ಲ. ಒಳಗಿನ ಕಾವಿಗೆ ಆ ನೀರೇ ಕುದಿಯತೊಡಗಿತು. ಸಂಜೆ ನಾಲ್ಕು ದಾಟುತ್ತಿದ್ದಂತೆ ಹಡಗು ಸಿಡಿಯಿತು. ಸತ್ತ ನೂರಾರು ಜನರಲ್ಲಿ 66 ಮಂದಿ ಅಗ್ನಿಶಾಮಕ ಸಿಬ್ಬಂದಿ. ಆ ದಿನದ ಆಚರಣೆ ಅವರ ನೆನಪಿಗೆ.

● ನಮ್ಮ ಅಗ್ನಿಶಾಮಕ ದಳದ ಕಾಯ್ದೆ 1964ರದು. ಆಗ ರಾಜ್ಯಕ್ಕಿನ್ನೂ ಮೈಸೂರೆಂದೇ ಹೆಸರು.

● ಸಂವಿಧಾನದ 12ನೇ ಅನುಸೂಚಿಯಲ್ಲಿ ಅಗ್ನಿಶಾಮಕ ಸೇವೆ ನಗರಾಡಳಿತದ ಕೆಲಸಗಳ ಪಟ್ಟಿಗೆ ಸೇರಿದೆ. ಮುಂಬೈಯಲ್ಲಿ ಪಾಲಿಕೆಯೇ ಅದನ್ನು ನಡೆಸುತ್ತದೆ. ಕರ್ನಾಟಕದಲ್ಲಿ ಊರೂರಿನ ಠಾಣೆಗಳು ರಾಜ್ಯ ಸರ್ಕಾರದ ಇಲಾಖೆಗೆ ಸೇರಿವೆ.

● ದೊಡ್ಡ ಜಲವಾಹನಗಳಲ್ಲಿ ಸಾಮಾನ್ಯವಾಗಿ 4,500 ಲೀಟರ್ ನೀರಿರುತ್ತದೆ. ನಿಮಿಷಕ್ಕೆ 450 ಲೀಟರ್ ಚಿಮ್ಮಿಸುವ ಒಂದು ಪೈಪು ಹಿಡಿದರೆ ಹತ್ತು ನಿಮಿಷಕ್ಕೆ ಟ್ಯಾಂಕ್ ಖಾಲಿ. ಎರಡು ಹಿಡಿದರೆ ಐದೇ ನಿಮಿಷ! ಸುತ್ತಮುತ್ತ ಕೆರೆ, ಬಾವಿ ಎಲ್ಲಿದೆ ಎಂಬುದು ಠಾಣೆಯವರಿಗೆ ಬಾಯಿಪಾಠವಾಗಿರಬೇಕಾದ್ದು ಇದಕ್ಕೇ.

● ಕೆರೆ ಸಿಕ್ಕರಷ್ಟೇ ಸಾಲದು. ವಾಹನದ ಪಂಪು ನೀರನ್ನು ಎಳೆದು ತರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಅದು ಮಾಡುವುದು ಪೈಪಿನೊಳಗಿನ ಗಾಳಿಯನ್ನು ಹೊರಹಾಕುವ ಕೆಲಸ. ನೀರನ್ನು ಮೇಲಕ್ಕೆ ತಳ್ಳುವುದು ಕೆರೆಯ ಮೇಲೆ ಒತ್ತಿ ಕುಳಿತ ವಾತಾವರಣ. ಕಡಲ ಮಟ್ಟದ ಮಂಗಳೂರಿನಲ್ಲಿ ಆ ಒತ್ತಡಕ್ಕೆ ನೀರು ಏರಬಲ್ಲ ಗರಿಷ್ಠ ಎತ್ತರ ಸುಮಾರು 10.3 ಮೀಟರ್. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಸುಮಾರು 9.3 ಮೀಟರ್. ಇದು ಕಾಗದದ ಲೆಕ್ಕ. ಪೈಪಿನ ಘರ್ಷಣೆ, ಸೋರಿಕೆ ಕಳೆದರೆ ಏಳು ಮೀಟರ್ ದಾಟುವುದೇ ಕಷ್ಟ, ಎಂಜಿನ್ ಎಷ್ಟೇ ಬಲವಾಗಿರಲಿ. ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡಿದ್ದರೆ, ಪಕ್ಕದಲ್ಲೇ ವಾಹನ ನಿಲ್ಲಿಸಿದರೂ ಒಂದು ಹನಿ ಸಿಗದು. ಆಗ ನೀರಿಗೇ ಪಂಪು ಇಳಿಸಬೇಕು. ಠಾಣೆಯ ಇಡೀ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗಾಗಿಸಿದ ಸಂಗತಿ ಇದು.

● ವಾಹನಕ್ಕೆ ಬಂದ ನೀರನ್ನು ಅಲ್ಲಿಂದ ಮೇಲಕ್ಕೆ ತಳ್ಳುವ ಲೆಕ್ಕ ಬೇರೆ. ಅಲ್ಲಿ ಪಂಪಿನದೇ ಬಲ. ಪ್ರತಿ 10 ಮೀಟರಿಗೆ ಸುಮಾರು ಒಂದು ಬಾರ್ ಒತ್ತಡ ಬೇಕು. 2022ರಲ್ಲಿ ಬೆಂಗಳೂರಿಗೆ ಬಂದ ಏಣಿ ವಾಹನ 90 ಮೀಟರ್, ಎಂದರೆ ಸುಮಾರು ಮೂವತ್ತು ಅಂತಸ್ತು ಏರಬಲ್ಲದು. ಅದರ ತುದಿಗೆ ನೀರು ಮುಟ್ಟಲಿಕ್ಕೇ ಒಂಬತ್ತು ಬಾರ್. ಅಲ್ಲಿಂದ ಬೆಂಕಿಯತ್ತ ಚಿಮ್ಮಲು ಇನ್ನಷ್ಟು.

● ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ಆವಿಯಾಗುವ ನೀರು ಸುಮಾರು 1,700 ಪಟ್ಟು ಹಿಗ್ಗಿ ಉರಿಯುವ ಎಣ್ಣೆಯನ್ನು ಅಡುಗೆಮನೆಯ ತುಂಬ ಎರಚುತ್ತದೆ. ಒಲೆ ಆರಿಸಿ, ಮುಚ್ಚಳ ಮುಚ್ಚಿ.

● ಕರೆ ಮಾಡಲು 101 ಅಥವಾ 112. ವಿಳಾಸ, ಎಷ್ಟನೇ ಮಹಡಿ ಎಂಬುದರ ಜೊತೆಗೆ ಹತ್ತಿರದಲ್ಲಿ ಸಂಪು, ಕೆರೆ ಇದ್ದರೆ ಅದನ್ನೂ ಹೇಳಿ.