ತಲೆಯ ಮೇಲೆ ತೂಗುವ ಭಾರ

2022ರ ಜುಲೈ 28ರ ರಾತ್ರಿ. ಹಾಂಗ್‌ಕಾಂಗ್ ಕೊಲಿಸಿಯಂ ಸಭಾಂಗಣದಲ್ಲಿ ‘ಮಿರರ್’ ಎಂಬ ಗಾಯಕರ ತಂಡದ ಕಾರ್ಯಕ್ರಮ ನಡೆದಿತ್ತು. ವೇದಿಕೆಯ ಮೇಲೆ ತೂಗುಬಿಟ್ಟಿದ್ದ ಭಾರಿ ವಿಡಿಯೊ ಪರದೆಯೊಂದು ಇದ್ದಕ್ಕಿದ್ದಂತೆ ಕಳಚಿ ನರ್ತಕರ ಮೇಲೆ ಬಿತ್ತು. ಇಬ್ಬರು ಗಾಯಗೊಂಡರು, ಒಬ್ಬನ ಕತ್ತಿನ ಭಾಗದ ಬೆನ್ನುಮೂಳೆಗೆ ತೀವ್ರ ಪೆಟ್ಟಾಯಿತು. ತನಿಖೆಯಲ್ಲಿ ಎರಡು ಮುಖ್ಯ ಸಂಗತಿಗಳು ಹೊರಬಂದವು. ಪರದೆಯನ್ನು ಹಿಡಿದಿದ್ದ ಉಕ್ಕಿನ ಹಗ್ಗ ಲೋಹದ ದಣಿವಿನಿಂದ ತುಂಡಾಗಿತ್ತು. ತೂಗುಬಿಟ್ಟ ಸಾಮಗ್ರಿಯ ತೂಕವನ್ನು ಕಾಗದದಲ್ಲಿ ನಿಜಕ್ಕಿಂತ ಕಡಿಮೆ ತೋರಿಸಲಾಗಿತ್ತು.

ಅಂದು ಬಿದ್ದದ್ದು ಪರದೆ. ಧ್ವನಿವರ್ಧಕಕ್ಕೂ ಗುರುತ್ವದ ನಿಯಮ ಅದೇ. ಕಲ್ಯಾಣ ಮಂಟಪ, ರಂಗಮಂದಿರ, ಉತ್ಸವದ ವೇದಿಕೆಗಳಲ್ಲಿ ಇಂದು ಮೇಲಿನ ಟ್ರಸ್‌ಗೆ ಧ್ವನಿವರ್ಧಕಗಳನ್ನು ತೂಗುಬಿಡುವ ರೂಢಿ ಬೆಳೆದಿದೆ. ಅದರ ಕೆಳಗೆ ಕುಳಿತವರಿಗೆ ಮೇಲಿನ ಕೊಂಡಿ ಎಂಥದು ಎಂಬುದು ಕಾಣುವುದಿಲ್ಲ. ಅದನ್ನು ಕಾಣಬೇಕಾದವರು ಕಟ್ಟುವವರು ಮತ್ತು ಕಟ್ಟಿಸುವವರು.

ಮೇಲೇಕೆ ಕಟ್ಟಬೇಕು?

ಧ್ವನಿವರ್ಧಕವನ್ನು ವೇದಿಕೆಯ ಮೇಲಿಟ್ಟರೆ ಮುಂದಿನವರಿಗೆ ಕಿವಿ ಗಡಚಿಕ್ಕುತ್ತದೆ, ಹಿಂದಿನವರಿಗೆ ಕೇಳಿಸುವುದಿಲ್ಲ. ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಶಬ್ದದ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಮೊದಲ ಸಾಲು 2 ಮೀಟರ್, ಕೊನೆಯ ಸಾಲು 32 ಮೀಟರ್ ದೂರವಿದ್ದರೆ ವ್ಯತ್ಯಾಸ 24 ಡೆಸಿಬೆಲ್. ಅದೇ ಪೆಟ್ಟಿಗೆಯನ್ನು ಕೇಳುಗರ ಕಿವಿಗಿಂತ 8 ಮೀಟರ್ ಮೇಲಕ್ಕೆ ಕಟ್ಟಿದರೆ ಈ ದೂರಗಳು ಸುಮಾರು 8 ಮತ್ತು 33 ಮೀಟರ್ ಆಗುತ್ತವೆ. ವ್ಯತ್ಯಾಸ 12 ಡೆಸಿಬೆಲ್‌ಗೆ ಇಳಿಯುತ್ತದೆ. ಹೀಗಾಗಿ ಮೇಲೆ ಕಟ್ಟುವುದು ಶೋಕಿಯಲ್ಲ, ಅಗತ್ಯ. ಆದರೆ 6 ಮೀಟರ್ ಎತ್ತರದಿಂದ ಬೀಳುವ ವಸ್ತು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 39 ಕಿಲೋಮೀಟರ್ ವೇಗ ಪಡೆದಿರುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಕೋನದ ಕಿತಾಪತಿ

100 ಕಿಲೋಗ್ರಾಂ ತೂಕದ ಪೆಟ್ಟಿಗೆಗೆ ಎರಡು ಹಗ್ಗ ಕಟ್ಟಿದರೆ ಒಂದೊಂದರ ಪಾಲು 50 ಕಿಲೋಗ್ರಾಂ ತಾನೆ? ಹಗ್ಗಗಳು ನೆಟ್ಟಗೆ ಇಳಿದಿದ್ದರೆ ಮಾತ್ರ ಈ ಲೆಕ್ಕ ಸರಿ. ಅವು ಓರೆಯಾದಂತೆ ಎಳೆತ ಏರುತ್ತದೆ. ಹಗ್ಗ ಅಡ್ಡಗೆರೆಗೆ 60 ಡಿಗ್ರಿ ಕೋನದಲ್ಲಿದ್ದರೆ ಒಂದೊಂದರ ಮೇಲೆ 58, 45 ಡಿಗ್ರಿಯಲ್ಲಿ 71, 30 ಡಿಗ್ರಿಯಲ್ಲಿ ಪೂರ್ತಿ 100 ಕಿಲೋಗ್ರಾಂ ಎಳೆತ ಬೀಳುತ್ತದೆ. 15 ಡಿಗ್ರಿಗೆ ಇಳಿದರಂತೂ 193! ಬಟ್ಟೆ ಒಣಹಾಕುವ ತಂತಿಯನ್ನು ಎಷ್ಟೇ ಬಿಗಿದರೂ ಒಂದು ಒದ್ದೆ ಪಂಚೆಗೆ ಅದು ಜಗ್ಗುವುದು ಇದೇ ಕಾರಣಕ್ಕೆ.

ಟ್ರಸ್ ಎಂದರೆ ತ್ರಿಕೋನಗಳ ಸಾಲು. ಓರೆ ಸರಳುಗಳು ಉದ್ದನೆಯ ಕೊಳವೆಯನ್ನು ಸೇರುವ ಗಂಟುಗಳಲ್ಲಿ ಭಾರ ಹಾಕಿದರೆ ಅದು ಎಲ್ಲ ಸರಳುಗಳಿಗೆ ಹಂಚಿಹೋಗುತ್ತದೆ. ಎರಡು ಗಂಟುಗಳ ನಡುವೆ ಕಟ್ಟಿದರೆ ಆ ಕೊಳವೆಯೊಂದೇ ಬಾಗಬೇಕಾಗುತ್ತದೆ. ಇನ್ನೊಂದು ಮಾತು: ಟ್ರಸ್‌ನ ಉದ್ದಕ್ಕೂ ಸಮನಾಗಿ ಹರಡಿದ ಭಾರಕ್ಕಿಂತ ನಟ್ಟನಡುವೆ ಒಂದೇ ಕಡೆ ತೂಗಿದ ಅಷ್ಟೇ ಭಾರ ಅದನ್ನು ಎರಡರಷ್ಟು ಬಾಗಿಸಲು ನೋಡುತ್ತದೆ. ಇನ್ನು ಮಂಟಪದ ಸೂರಿನ ಟ್ರಸ್ಸೋ, ಅದನ್ನು ಷೀಟಿನ ಭಾರ, ಗಾಳಿಯ ಹೊಡೆತ ಲೆಕ್ಕಹಾಕಿ ಕಟ್ಟಿರುತ್ತಾರೆ. ಅದಕ್ಕೆ ಹೊಸ ಭಾರ ಹೊರಿಸುವ ಮುನ್ನ ಎಂಜಿನಿಯರ್ ಒಬ್ಬರು ನೋಡಿ ಒಪ್ಪಬೇಕು.

ನೆಲುವಿನ ಪಾಠ

ಹಳೆಯ ಮನೆಗಳ ಅಡುಗೆಕೋಣೆಯಲ್ಲಿ ತೊಲೆಯಿಂದ ಇಳಿಬಿದ್ದ ನೆಲುವಿನಲ್ಲಿ ಹಾಲು, ಬೆಣ್ಣೆಯ ಗಡಿಗೆಗಳು ಇರುತ್ತಿದ್ದವು. ನೆಲುವಿನ ಹಗ್ಗ ತೊಲೆಯಿಂದ ತಳದವರೆಗೂ ಒಂದೇ. ಹಾಗೆ ಮಾಡದೆ ಮೇಲಿನ ಗಡಿಗೆಯ ಕಂಠಕ್ಕೇ ಕೆಳಗಿನ ಗಡಿಗೆಯನ್ನು ಕಟ್ಟಿದ್ದರೆ? ಆ ಕಂಠವೇ ಎರಡರ ಭಾರ ಹೊರಬೇಕಾಗುತ್ತಿತ್ತು.

ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ಆದದ್ದು ಇಂಥದೇ. ಚಾವಣಿಯಿಂದ ತೂಗುಬಿಟ್ಟಿದ್ದ ಎರಡು ಕಾಲುಸೇತುವೆಗಳಿಗೆ ಮೂಲ ನಕ್ಷೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಸರಳು ಇತ್ತು. ಕಟ್ಟುವಾಗ ಅದನ್ನು ಎರಡು ತುಂಡು ಮಾಡಿ, ಕೆಳಗಿನ ಸೇತುವೆಯನ್ನು ಮೇಲಿನದಕ್ಕೆ ತೂಗುಬಿಟ್ಟರು. ಮೇಲಿನ ಸೇತುವೆಯ ನಟ್ಟಿನ ಮೇಲೆ ಭಾರ ಇಮ್ಮಡಿಯಾಯಿತು. 1981ರ ಜುಲೈ 17ರಂದು ಸೇತುವೆಗಳು ಕುಸಿದು 114 ಜನ ಸತ್ತರು.

ಈಗಿನ ಧ್ವನಿವರ್ಧಕಗಳನ್ನು ಒಂದರ ಕೆಳಗೊಂದು ಹತ್ತಾರು ಜೋಡಿಸುವುದುಂಟು. ಅದಕ್ಕಾಗಿಯೇ ಮಾಡಿದ ಪೆಟ್ಟಿಗೆಗಳಲ್ಲಿ ಉಕ್ಕಿನ ಕಟ್ಟು, ಪಿನ್ನುಗಳು ಇರುತ್ತವೆ. ಎಷ್ಟು ಪೆಟ್ಟಿಗೆ ತೂಗಬಹುದೆಂದು ತಯಾರಕರೇ ಹೇಳಿರುತ್ತಾರೆ. ನೆಲದ ಮೇಲಿಡಲು ಮಾಡಿದ ಮರದ ಪೆಟ್ಟಿಗೆಯ ಹಿಡಿಕೆಗೆ ಹಗ್ಗ ಕಟ್ಟಿ ಮೇಲೇರಿಸುವುದು ಬೇರೆಯೇ ಮಾತು. ಆ ಹಿಡಿಕೆ ಇರುವುದು ಕೈಯಲ್ಲಿ ಎತ್ತಿ ಒಯ್ಯಲಿಕ್ಕೆ.

ಸಣ್ಣ ಕೊಂಡಿಯ ದೊಡ್ಡ ಕೆಲಸ

ಸರಪಳಿಯ ಬಲ ಅದರ ಅತಿ ದುರ್ಬಲ ಕೊಂಡಿಯಷ್ಟೆ. ಉಕ್ಕಿನ ಹಗ್ಗ 1,000 ಕಿಲೋಗ್ರಾಂಗೆ ತುಂಡಾಗುವುದಾದರೆ ಭಾರ ಎತ್ತುವ ಕೆಲಸದಲ್ಲಿ ಅದಕ್ಕೆ ಸಾಮಾನ್ಯವಾಗಿ 200 ಕಿಲೋಗ್ರಾಂ ಮಾತ್ರ ಹೊರಿಸುತ್ತಾರೆ. ಜನರ ತಲೆಯ ಮೇಲಾದರೆ 100ಕ್ಕೆ ಇಳಿಸುವುದೂ ಉಂಟು. ನೆಟ್ಟಗೆ ಎಳೆದಾಗ ಗಟ್ಟಿಯಾಗಿರುವ ಐ-ಬೋಲ್ಟನ್ನು 45 ಡಿಗ್ರಿ ಓರೆಯಾಗಿ ಎಳೆದರೆ ಅದರ ಶಕ್ತಿ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಬುಲ್‌ಡಾಗ್ ಕ್ಲಿಪ್ ಹಾಕುವಾಗ ಅದರ ತಡಿ ಭಾರ ಹೊರುವ ಎಳೆಯ ಮೇಲೂ, ‘ಯು’ ಆಕಾರದ ಬೋಲ್ಟು ಮಡಚಿದ ತುದಿಯ ಮೇಲೂ ಕೂರಬೇಕು. ತಿರುಗುಮುರುಗಾದರೆ ಬೋಲ್ಟು ಹಗ್ಗವನ್ನೇ ಜಜ್ಜುತ್ತದೆ. ಇನ್ನು ದಣಿವು: ಕಬ್ಬಿಣದ ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಿದ್ದರೆ ಕಡೆಗೆ ಪಟ್ಟೆಂದು ಮುರಿಯುವುದಷ್ಟೆ. ಎಳೆ ಹರಿದ, ತುಕ್ಕು ಹಿಡಿದ, ಮುರುಟಿದ ಹಗ್ಗ ಎಷ್ಟೇ ದುಬಾರಿಯಾದರೂ ಗುಜರಿಗೆ ಹೋಗಬೇಕು.

ಎರಡನೆಯ ಹಗ್ಗ

ಇಷ್ಟಾದರೂ ಒಂದು ಕೊಂಡಿ ಕೈಕೊಟ್ಟರೆ? ಅದಕ್ಕೇ ಮೊದಲನೆಯದನ್ನು ನೆಚ್ಚದ ಎರಡನೆಯ ಉಕ್ಕಿನ ಹಗ್ಗ ಬೇಕು. ಅದು ಪೆಟ್ಟಿಗೆಯ ಬೇರೆ ಬಿಂದುವಿನಿಂದ ಹೊರಟು ಟ್ರಸ್ಸನ್ನೇ ಸುತ್ತಿರಬೇಕು, ಸಡಿಲ ಬಿಟ್ಟಿರಬಾರದು. 50 ಕಿಲೋಗ್ರಾಂ ಪೆಟ್ಟಿಗೆ 3 ಸೆಂಟಿಮೀಟರ್ ಬಿದ್ದು ಮುಂದಿನ 1 ಸೆಂಟಿಮೀಟರಿನಲ್ಲಿ ನಿಂತರೆ ಹಗ್ಗಕ್ಕೆ ಬೀಳುವ ಸರಾಸರಿ ಜಗ್ಗು 200 ಕಿಲೋಗ್ರಾಂ. 30 ಸೆಂಟಿಮೀಟರ್ ಬಿದ್ದು ಅಷ್ಟರಲ್ಲೇ ನಿಂತರೆ 1,550 ಕಿಲೋಗ್ರಾಂ! ಸಡಿಲವಾದ ರಕ್ಷಣೆಯ ಹಗ್ಗ ರಕ್ಷಿಸುವ ಬದಲು ತಾನೇ ತುಂಡಾದೀತು.

ಸಮಾರಂಭ ನಡೆಸುವವರು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಪೆಟ್ಟಿಗೆಗಳ ನಿಜವಾದ ತೂಕವೆಷ್ಟು? ಟ್ರಸ್ ತಾಳುವ ಭಾರವೆಷ್ಟು, ಹೇಳಿದವರು ಯಾರು? ಎರಡನೆಯ ಹಗ್ಗ ಎಲ್ಲಿ? ಕಟ್ಟಿದವರಲ್ಲದೆ ಇನ್ನೊಬ್ಬರು ನೋಡಿದ್ದಾರೆಯೆ? ಏರಿಸುವಾಗಲೂ ಇಳಿಸುವಾಗಲೂ ಕೆಳಗೆ ಒಬ್ಬರೂ ನಿಲ್ಲಬಾರದು. ಉತ್ತರ ಸಿಗದಿದ್ದರೆ ಪೆಟ್ಟಿಗೆಯನ್ನು ನೆಲದ ಮೇಲೇ ಇಡಿಸಿ. ಹಿಂದಿನ ಸಾಲಿನವರಿಗೆ ಹಾಡು ಸ್ವಲ್ಪ ಮೆಲ್ಲಗೆ ಕೇಳಿದರೂ ಪರವಾಗಿಲ್ಲ, ಎಲ್ಲರೂ ಕ್ಷೇಮವಾಗಿ ಮನೆ ಸೇರುತ್ತಾರೆ.